ಮಾಗಿಯ ಚಳಿಯಲ್ಲಿ ಇಡ್ಲಿ ಹಿಟ್ಟು

ಕಳೆದ ಡಿಸೆಂಬರಿನಲ್ಲಿ ಧನುರ್ಮಾಸದ ರಂಗೋಲಿ ಹಾಕಲು ಹೋದ ನನ್ನ ಹೆಂಡತಿ, ಇಬ್ಬನಿಗೆ ಒದ್ದೆಯಾಗಿದ್ದ ಬಾಗಿಲ ಚಪ್ಪಡಿಯ ಮೇಲೆ ಜಾರಿಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಡಾಕ್ಟರು ಪ್ಲಾಸ್ಟರ್ ಹಾಕಿ, ‘ಆರು ವಾರ ಈ ಕೈಗೆ ಕೆಲಸ ಕೊಡಬಾರದು’ ಎಂದರು. ಹಾಗೆನ್ನುವಾಗ ಅವರು ನೋಡಿದ್ದು ಅವಳನ್ನಲ್ಲ, ನನ್ನನ್ನು.

ಆಗ ನನಗೆ ಬರುತ್ತಿದ್ದ ಅಡುಗೆ ಎರಡೇ: ಬಿಸಿನೀರು ಮತ್ತು ಕಾಫಿ. ಕಾಫಿಗೂ ಡಿಕಾಕ್ಷನ್ ಅವಳೇ ಇಳಿಸಿಡುತ್ತಿದ್ದಳು. ಹವ್ಯಾಸ ಎಂದರೆ ಪದಬಂಧ ತುಂಬುವುದು ಮತ್ತು ರೇಡಿಯೋ ಕೇಳುವುದು. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು. ಎರಡು ದಿನ ಕ್ಯಾರಿಯರ್ ಊಟ ತರಿಸಿದೆವು. ಮೂರನೆಯ ದಿನ ಹೆಂಡತಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತು, ‘ನಾನು ಹೇಳ್ತೀನಿ, ನೀವು ಮಾಡಿ’ ಎಂದಳು. ಮೂವತ್ತು ವರ್ಷಕ್ಕೆ ಹತ್ತಿರ ಪಾಠ ಹೇಳಿದವನು ವಿದ್ಯಾರ್ಥಿಯಾದೆ.

ಮೊದಲ ತೊಡಕು ಅಳತೆಯದು. ‘ಉಪ್ಪು ಎಷ್ಟು?’ ಎಂದರೆ ‘ರುಚಿಗೆ ತಕ್ಕಷ್ಟು’, ‘ನೀರು ಎಷ್ಟು?’ ಎಂದರೆ ‘ಹದಕ್ಕೆ ತಕ್ಕಷ್ಟು’. ಪ್ರಯೋಗಾಲಯದಲ್ಲಿ ಹೀಗೆ ಬರೆದ ಹುಡುಗನಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಕೊನೆಗೆ ಒಂದು ನೂರು ಪುಟದ ನೋಟ್‌ಬುಕ್ ತಂದು, ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನಂತೆ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಗೆರೆ ಎಳೆದೆ. ಅವಳು ನಕ್ಕಳು. ಆದರೆ ಸಾರು, ಪಲ್ಯ, ಉಪ್ಪಿಟ್ಟು ಆ ಪುಸ್ತಕದ ಪ್ರಕಾರ ಒಂದೊಂದಾಗಿ ತಿನ್ನುವ ಹಾಗಾದವು. ಧೈರ್ಯ ಬಂದು ಇಡ್ಲಿಗೆ ಕೈಹಾಕಿದೆ.

ಅಲ್ಲೇ ನೋಡಿ, ಮಾಗಿಯ ಚಳಿ ನನಗೆ ಪಾಠ ಕಲಿಸಿದ್ದು. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಇಟ್ಟ ಹಾಗೇ ಇತ್ತು. ಹಾಗೆಯೇ ಬೇಯಿಸಿದೆ. ತಟ್ಟೆಯಿಂದ ಬಿಡಿಸಿದ ಇಡ್ಲಿ ಕೈತಪ್ಪಿ ನೆಲಕ್ಕೆ ಬಿದ್ದರೂ ಮುರಿಯಲಿಲ್ಲ. ಹೆಂಡತಿ ಏನೂ ಹೇಳದೆ ಎರಡು ತಿಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುಸಲ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿಟ್ಟೆ. ಆಗಲೂ ಉಬ್ಬಲಿಲ್ಲ. ಕಂಬಳಿ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಹೊರಹೋಗದಂತೆ ತಡೆಯುತ್ತದೆ ಅಷ್ಟೇ. ಪ್ರತಿವರ್ಷ ತರಗತಿಯಲ್ಲಿ ಇದನ್ನೇ ಹೇಳುವವನು ನಾನು! ತೊಟ್ಟಿಯ ತಣ್ಣೀರಿನಲ್ಲಿ ರುಬ್ಬಿದ ಹಿಟ್ಟಿಗೆ ಕಂಬಳಿ ಹೊದಿಸಿದರೆ ಅದು ತಣ್ಣಗೇ ಉಳಿಯುತ್ತದೆ.

ಮೂರನೆಯ ಸಲ ಸರಿಯಾದ ಪ್ರಯೋಗವನ್ನೇ ಮಾಡಿದೆ. ಒಂದೇ ಹಿಟ್ಟನ್ನು ಮೂರು ಸ್ಟೀಲ್ ಡಬ್ಬಿಗಳಿಗೆ ಅರ್ಧರ್ಧ ತುಂಬಿದೆ. ಒಂದು ಅಡುಗೆಮನೆ ಕಟ್ಟೆಯ ಮೇಲೆ, ಒಂದು ಕಂಬಳಿಯೊಳಗೆ, ಇನ್ನೊಂದು ಉಗುರುಬೆಚ್ಚಗಿನ ನೀರಿದ್ದ ದೊಡ್ಡ ಪಾತ್ರೆಯಲ್ಲಿ, ಅದರ ಮೇಲೂ ಕಂಬಳಿ. ಬೆಳಗ್ಗೆ ಐದಕ್ಕೆ ಥರ್ಮಾಮೀಟರ್ ಇಟ್ಟು ನೋಡಿದರೆ ಮೊದಲನೆಯದು 18 ಡಿಗ್ರಿ, ಎರಡನೆಯದು 20, ಮೂರನೆಯದು 27. ಮೂರನೆಯದು ಮಾತ್ರ ಡಬ್ಬಿಯ ಬಾಯಿಗೆ ಬಂದಿತ್ತು. ಹಿಟ್ಟಿಗೆ ಹಿತವಾದ ಶಾಖ ಸುಮಾರು 30 ಡಿಗ್ರಿ. ಹಿಂದೆ ನಮ್ಮತ್ತೆ ಚಳಿಗಾಲದಲ್ಲಿ ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಿದ್ದರಂತೆ. ಅವರಿಗೆ ಥರ್ಮಾಮೀಟರ್ ಬೇಕಾಗಿರಲಿಲ್ಲ.

ಆ ದಿನ ಇಡ್ಲಿ ಮೆತ್ತಗೆ ಬಂತು. ಖುಷಿಯಲ್ಲಿ ನಾನು ಪಾಠದ ಧಾಟಿಯಲ್ಲಿ, ‘ಬೆಚ್ಚಗಿದ್ದರೆ ಯೀಸ್ಟ್ ಚೆನ್ನಾಗಿ ಬೆಳೆಯುತ್ತೆ’ ಎಂದೆ. ಹೆಂಡತಿ ಎಡಗೈಯಲ್ಲಿ ಇಡ್ಲಿ ಮುರಿಯುತ್ತಾ ಮೆಲ್ಲಗೆ ಕೇಳಿದಳು: ‘ಯೀಸ್ಟ್ ಎಲ್ಲಿಂದ ಬಂತು? ನಾವು ಹಾಕೋದೇ ಇಲ್ವಲ್ಲ. ಮದುವೆಯಾದ ವರ್ಷವೂ ಕೇಳಿದ್ದೆ. ನಿನಗೆ ಗೊತ್ತಾಗಲ್ಲ ಬಿಡು ಅಂದಿದ್ರಿ.’

ನನಗೆ ನೆನಪಿರಲಿಲ್ಲ. ಅವಳಿಗಿತ್ತು.

ಮರುದಿನ ಪದವಿ ತರಗತಿಯ ಸೂಕ್ಷ್ಮಜೀವಶಾಸ್ತ್ರದ ಪುಸ್ತಕ ತೆಗೆದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಯೀಸ್ಟ್ ಅಲ್ಲ, ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಉದ್ದಿನಬೇಳೆಯ ಜೊತೆಯಲ್ಲೇ ನಮ್ಮ ಮನೆಗೆ ಬರುತ್ತದೆ. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಉದ್ದಿನ ಲೋಳೆ ಆ ಅನಿಲದ ಗುಳ್ಳೆಗಳನ್ನು ಬಿಡದೆ ಹಿಡಿದಿಡುತ್ತದೆ. ಅಕ್ಕಿಯೊಂದನ್ನೇ ರುಬ್ಬಿಟ್ಟರೆ ಹಾಗೆ ಉಬ್ಬುವುದಿಲ್ಲ. ಹಿಟ್ಟಿನಲ್ಲಿ ಯೀಸ್ಟ್ ಇರಬಾರದೆಂದೇನೂ ಇಲ್ಲ, ಆದರೆ ಯಜಮಾನಿಕೆ ಅದರದಲ್ಲ. ಬ್ರೆಡ್ಡಿನ ಪಾಠ ಮಾಡುವಾಗ ‘ನಮ್ಮ ಇಡ್ಲಿಯೂ ಹೀಗೇ’ ಎಂದು ಸ್ವಂತದ್ದೊಂದು ವಾಕ್ಯ ಸೇರಿಸಿ ಅಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಒಂದು ಸರಿಯಾದ ಪ್ರಶ್ನೆ ನನ್ನ ಮನೆಯೊಳಗೇ ಹುಟ್ಟಿತ್ತು, ನಾನೇ ಅದರ ಬಾಯಿ ಮುಚ್ಚಿಸಿದ್ದೆ.

ಅವರೆಕಾಯಿಯ ಕಾಲ ಅದು. ನಮ್ಮ ಕೋಲಾರದ ಕಡೆ ಡಿಸೆಂಬರ್, ಜನವರಿಯಲ್ಲಿ ಅವರೆಯ ಸೊಗಡಿಲ್ಲದ ಬೀದಿಯಿಲ್ಲ. ನಾಟಿ ಅವರೆ ಹಗಲು ಕಿರಿದಾಗುವುದನ್ನು ಗುರುತಿಸಿ ಹೂಬಿಡುವ ಗಿಡ. ಅದಕ್ಕೇ ಚಳಿಗಾಲದಲ್ಲಿ ಕಾಯಿ ಬರುತ್ತದೆ. ಹಗಲಿನ ಲೆಕ್ಕವಿಲ್ಲದೆ ವರ್ಷವಿಡೀ ಬೆಳೆಯಬಲ್ಲ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದೆ. ಆದರೂ ಮಾಗಿಯ ಅವರೆಯ ಸೊಗಡೇ ಬೇರೆ ಎನ್ನುವವರ ಪಕ್ಷ ನನ್ನದು.

ಕಾಳನ್ನು ರಾತ್ರಿ ನೆನೆಹಾಕಿ, ಮರುದಿನ ಸಂಜೆ ನಾವಿಬ್ಬರೂ ಹಿತಕಲು ಕೂರುತ್ತಿದ್ದೆವು. ನೀರು ಕುಡಿದ ಬೇಳೆ ಉಬ್ಬಿ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಜಾರುತ್ತದೆ. ನನ್ನದು ಅರ್ಧ ಪಾತ್ರೆಗೆ, ಅರ್ಧ ಗೋಡೆಗೆ. ಅವಳು ಎಡಗೈಯಲ್ಲೇ ನನಗಿಂತ ಹೆಚ್ಚು ಹಿತಕುತ್ತಿದ್ದಳು. ಟೀವಿ ಬೇಡವೆನಿಸುತ್ತಿತ್ತು. ಕೈಗೆ ಕೆಲಸ ಕೊಟ್ಟರೆ ಮಾತು ತಾನೇ ಬರುತ್ತದೆ.

ಅಂಥ ಒಂದು ಸಂಜೆ ಅವಳು ಪಿಯುಸಿಯ ಮಾತೆತ್ತಿದಳು. ಅವಳದೂ ವಿಜ್ಞಾನ ವಿಭಾಗ, ಅದು ನನಗೆ ಗೊತ್ತಿತ್ತು. ಬಿಎಸ್ಸಿ ಸೇರಲು ಅರ್ಜಿ ತಂದು, ಭರ್ತಿ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದಳಂತೆ. ಅಷ್ಟರಲ್ಲಿ ನಮ್ಮ ಸಂಬಂಧ ಕೂಡಿಬಂತು. ‘ಹುಡುಗ ಸೈನ್ಸ್ ಮೇಷ್ಟ್ರು ಅಂದ್ರು. ಮನೇಲೇ ಕೇಳಿ ತಿಳ್ಕೋಬಹುದು ಅಂದ್ಕೊಂಡೆ’ ಎಂದು ನಕ್ಕಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಅರ್ಜಿಯ ವಿಷಯ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ನಾನು ಕೈಯಲ್ಲಿದ್ದ ಕಾಳನ್ನು ಬಹಳ ಹೊತ್ತು ಹಿತಕುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಎಂಟನೆಯ ತರಗತಿಯಲ್ಲಿ ನನ್ನ ತಪ್ಪನ್ನು ತಿದ್ದಿದೆ. ‘ಇಡ್ಲಿಯ ವಿಷಯದಲ್ಲಿ ನಾನು ತಪ್ಪು ಹೇಳಿದ್ದೆ, ನಮ್ಮ ಮನೆಯವರು ಸರಿಪಡಿಸಿದರು’ ಎಂದೆ. ಹುಡುಗರು ನಕ್ಕರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ನಗಲಿಲ್ಲ. ‘ಸಾರ್, ನಮ್ಮಮ್ಮನೂ ಒಂದು ಪ್ರಶ್ನೆ ಕೇಳಿದಾರೆ, ಕೇಳ್ಲಾ?’ ಎಂದಳು. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಕಡಲೇಕಾಯಿ ಎಣ್ಣೆ ಏಕೆ ಆಗುವುದಿಲ್ಲ ಎಂಬುದು ಆ ತಾಯಿಯ ಪ್ರಶ್ನೆ. ಕೊಬ್ಬರಿ ಎಣ್ಣೆಯಲ್ಲಿ ಸಂತೃಪ್ತ ಕೊಬ್ಬು ಹೆಚ್ಚು, ಅದು ಸುಮಾರು 24 ಡಿಗ್ರಿಯ ಕೆಳಗೇ ಗಟ್ಟಿಯಾಗತೊಡಗುತ್ತದೆ, ಕಡಲೇಕಾಯಿ ಎಣ್ಣೆಗೆ ಇನ್ನೂ ಬಹಳ ಚಳಿ ಬೇಕು ಎಂದು ವಿವರಿಸಿದೆ. ಇಡೀ ಪೀರಿಯಡ್ ಅದರಲ್ಲೇ ಕಳೆಯಿತು.

ಪ್ಲಾಸ್ಟರ್ ತೆಗೆದಾಗ ಹೆಂಡತಿಗಿಂತ ಹೆಚ್ಚು ಬೇಸರವಾದದ್ದು ನನಗಿರಬೇಕು. ಅಡುಗೆಮನೆ ಮತ್ತೆ ಅವಳ ವಶಕ್ಕೆ ಹೋಯಿತು. ಭಾನುವಾರ ಮಾತ್ರ ನನ್ನದು ಎಂದು ಒಪ್ಪಂದವಾಗಿದೆ. ಅವಳ ಭಾನುವಾರದ ಬೆಳಗು ಈಗ ನನ್ನ ಹಳೆಯ ಪುಸ್ತಕಗಳ ಜೊತೆ. ಓದುತ್ತಾ ಓದುತ್ತಾ ಅಲ್ಲಿಂದಲೇ ಪ್ರಶ್ನೆ ಎಸೆಯುತ್ತಾಳೆ. ಎಲ್ಲಕ್ಕೂ ನನ್ನಲ್ಲಿ ಉತ್ತರವಿಲ್ಲ. ‘ಗೊತ್ತಿಲ್ಲ, ನೋಡಿ ಹೇಳ್ತೀನಿ’ ಎನ್ನಲು ಕಲಿತಿದ್ದೇನೆ.

ಓದುಗರೇ, ಚಳಿಗಾಲದ ಸಂಜೆ ಬೇಗ ಕತ್ತಲಾಗುತ್ತದೆ, ಹೊರಗೆ ಹೋಗಲು ಮನಸ್ಸಾಗುವುದಿಲ್ಲ. ಅಡುಗೆಮನೆಗೆ ಕಾಲಿಡದ ಗಂಡಸರು ಒಂದು ಸೇರು ಅವರೆಕಾಳು ನೆನೆಹಾಕಿ, ಮನೆಯವರ ಎದುರು ಕುಳಿತು ಹಿತಕಿ ನೋಡಿ. ಅದಕ್ಕೆ ಯಾರ ಕೈಯೂ ಮುರಿಯಬೇಕಾಗಿಲ್ಲ.

ನನ್ನ ರೆಕಾರ್ಡ್ ಪುಸ್ತಕ ಈಗಲೂ ಅಡುಗೆಮನೆಯ ಮೊಳೆಗೆ ತೂಗಿದೆ. ಇಡ್ಲಿಯ ಪುಟದ ಕೊನೆಯಲ್ಲಿ ಪರೀಕ್ಷಕರ ಸಹಿಗೆಂದು ಬಿಟ್ಟ ಜಾಗದಲ್ಲಿ, ಪ್ಲಾಸ್ಟರ್ ತೆಗೆದ ವಾರ, ಅಂಕುಡೊಂಕಾದ ಅಕ್ಷರದಲ್ಲಿ ಅವಳು ಬರೆದಿದ್ದಾಳೆ: ‘ಪರವಾಗಿಲ್ಲ. ಉಪ್ಪು ಸ್ವಲ್ಪ ಕಡಿಮೆ.’