ತೆರೆ ಬಿಟ್ಟು ಹೋಗುವವರಲ್ಲಿ ಒಂದು ವಿನಂತಿ

ಕಳೆದ ಪುಷ್ಯ ಮಾಸದ ಒಂದು ಭಾನುವಾರ. ಅಘನಾಶಿನಿ ಹೊಳೆಯಲ್ಲಿ ನೀರು ಪೂರ್ತಿ ಇಳಿದಿತ್ತು. ನಮ್ಮ ಕೇರಿಯ ಏಳೆಂಟು ಹೆಂಗಸರು ಬಳಚು ಎಂಬ ಚಿಪ್ಪುಜೀವಿ ತೆಗೆಯಲೆಂದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಈ ಕೆಲಸವನ್ನು ನೋಡದವರಿಗಾಗಿ ಹೇಳುತ್ತೇನೆ: ಬಳಚು ಹುಡುಕುವುದು ಕಣ್ಣಲ್ಲ, ಕಾಲು. ಅಂಗಾಲಿನಿಂದ ಕೆಸರು ಸವರುತ್ತ ಹೋಗಬೇಕು, ಚಿಪ್ಪು ತಾಗಿದಲ್ಲಿ ಮುಳುಗಿ ಕೈಯಿಂದ ಬಾಚಬೇಕು, ಮೇಲೆದ್ದು ಪಕ್ಕದಲ್ಲಿ ತೇಲುವ ಪಾತಿದೋಣಿಗೆ ಸುರಿಯಬೇಕು. ಮುಳುಗಿದಷ್ಟು ಹೊತ್ತು ಅವರಿಗೆ ಮೇಲಿನ ಲೋಕ ಕಾಣುವುದಿಲ್ಲ.

ತದಡಿ ಬಂದರಿನ ಕಡೆಯಿಂದ ಒಂದು ಪ್ರವಾಸಿ ಬೋಟ್ ಬಂತು. ಹತ್ತು ಹದಿನೈದು ಜನ, ದೊಡ್ಡ ದನಿಯ ಹಾಡು. ಹೆಂಗಸರು ಕೈ ಎತ್ತಿ ಕೂಗಿದರು. ಬೋಟಿನಲ್ಲಿದ್ದವರೂ ಕೈ ಬೀಸಿದರು. ಊರಿನವರು ತಮ್ಮನ್ನು ಕಂಡು ಖುಷಿಪಟ್ಟು ಕರೆಯುತ್ತಿದ್ದಾರೆ ಎಂದುಕೊಂಡಿರಬೇಕು. ಬೋಟ್ ಹೋಯಿತು. ಅದರ ಹಿಂದೆ ತೆರೆ ಬಂತು. ಪಾತಿ ಒಮ್ಮೆ ಎದ್ದು ಅಡ್ಡ ಮಗುಚಿತು. ಎರಡು ತಾಸಿನ ಬಳಚು ಬಂದ ಕೆಸರಿಗೇ ಹಿಂದಿರುಗಿತು. ನಾನು ಚಿಕ್ಕಂದಿನಿಂದ ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರು ಅದೇ ಗಳಿಗೆಯಲ್ಲಿ ನೀರಿನಿಂದ ತಲೆ ಎತ್ತಿದ್ದರು. ಉಸಿರೆಳೆಯಲು ಬಾಯಿ ತೆರೆದರೆ ತೆರೆಯೇ ಬಾಯೊಳಗೆ ಹೋಯಿತು. ದಡಕ್ಕೆ ಕರೆತಂದು ಬೆನ್ನು ನೀವುವಾಗ ಅವರು ಬೈಯಲಿಲ್ಲ. ಕೆಮ್ಮು ನಿಂತ ಮೇಲೆ ಇಷ್ಟೇ ಹೇಳಿದರು: "ಅವ್ರಿಗೆ ನಾವು ಕಂಡೇ ಇಲ್ಲ ತಮಾ. ಕಂಡಿದ್ರೆ ಹಾಂಗೆ ಹೋಗ್ತಿದ್ರಾ?"

ಈ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ವಿನಂತಿ ಬರೆಯುತ್ತಿದ್ದೇನೆ. ಬೋಟ್ ಓಡಿಸುವ ತಮ್ಮಂದಿರಿಗೆ, ಬೋಟಿನ ಮಾಲೀಕರಿಗೆ, ಟಿಕೆಟ್ ಕೊಂಡು ಕೂರುವ ಅತಿಥಿಗಳಿಗೆ, ಮತ್ತು ನೀರಿನಲ್ಲಿ ನಿಂತು ಕೋಪ ನುಂಗುವ ನಮ್ಮವರಿಗೂ.

ನಾನು ಹೊರಗೆ ನಿಂತು ಬೆರಳು ತೋರಿಸುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ನೆಂಟರನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋಗಿ ಶರಾವತಿಯಲ್ಲಿ ಬೋಟ್ ಹತ್ತಿಸಿದ್ದೆ. "ಸ್ವಲ್ಪ ಜೋರಾಗಿ ಬಿಡಪ್ಪ, ಮಕ್ಕಳಿಗೆ ಖುಷಿಯಾಗ್ತದೆ" ಎಂದವನು ನಾನೇ. ಹುಡುಗ ಬಿಟ್ಟ. ಮಕ್ಕಳು ಕೇಕೆ ಹಾಕಿದರು. ನಾವೆಲ್ಲ ಎದುರಿಗೆ ನೋಡುತ್ತಿದ್ದೆವು, ರೈಲ್ವೆ ಸೇತುವೆಯನ್ನು, ಕಾಂಡ್ಲಾ ಕಾಡನ್ನು, ಬೆಳ್ಳಕ್ಕಿಗಳನ್ನು. ಹಿಂದಕ್ಕೆ ತಿರುಗಿದವರು ಒಬ್ಬರೂ ಇಲ್ಲ. ಅಂದು ನಮ್ಮ ತೆರೆ ಯಾರ ಪಾತಿಗೆ ಬಡಿಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊಳೆಯ ದಂಡೆಯಲ್ಲೇ ಹುಟ್ಟಿದ ನನಗೇ ಅಂದು ಹಿಂದೆ ನೋಡಬೇಕೆಂದು ಹೊಳೆಯದಿದ್ದರೆ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಮೊದಲ ಸಲ ಬಂದವರಿಗೆ ಹೇಗೆ ಹೊಳೆಯಬೇಕು? ಯಾರಾದರೂ ಹೇಳಬೇಕು.

ಅಘನಾಶಿನಿ ಅಣೆಕಟ್ಟಿಲ್ಲದ ಹೊಳೆ. ಮಳೆಗಾಲದ ಕೆಂಪು ನೀರು, ಬೇಸಿಗೆಯ ಉಪ್ಪು ನೀರು ತಮ್ಮ ತಮ್ಮ ಕಾಲಕ್ಕೆ ಬಂದು ಹೋಗುವುದರಿಂದಲೇ ಇಲ್ಲಿ ಬಳಚು ಬೆಳೆಯುತ್ತದೆ, ಸಿಗಡಿ ಸಿಗುತ್ತದೆ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸರ್ ತಾಣ ಎಂಬ ಮನ್ನಣೆ ಸಿಕ್ಕಿತು. ಹೆಸರು ಬಂದ ಮೇಲೆ ನೋಡುವವರೂ ಬರುತ್ತಾರೆ, ಬರಲಿ. ನಮ್ಮ ಎಷ್ಟೋ ಹುಡುಗರು ಗೋವಾಕ್ಕೆ, ಬೆಂಗಳೂರಿಗೆ ಹೋಗದೆ ಊರಲ್ಲೇ ಅನ್ನ ಕಂಡುಕೊಂಡಿದ್ದು ಈ ಬೋಟುಗಳಿಂದ. ಆ ಅನ್ನಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಆದರೆ ಒಂದೇ ನೀರಿನಲ್ಲಿ ತದಡಿಯ ಟ್ರಾಲರುಗಳು, ಆಚೆ ದಡಕ್ಕೆ ಹೋಗುವ ತಾರಿ, ಬಲೆ ಬಿಟ್ಟ ದೋಣಿಗಳು, ಗಾಳ ಹಾಕಿ ಕೂತ ಅಜ್ಜ, ಬಳಚಿನ ಹೆಂಗಸರು ಇದ್ದಾರೆ. ಇವರೆಲ್ಲರ ನಡುವೆ ಬೋಟಿನವರೂ ಈಗ ಒಬ್ಬರು.

ಓಡಿಸುವ ತಮ್ಮಂದಿರೇ, ಮೊದಲು ನಿಮ್ಮೊಡನೆ ಮಾತಾಡಬೇಕು. ನಿಮ್ಮಲ್ಲಿ ಹೆಚ್ಚಿನವರು ಚಿಕ್ಕ ದೋಣಿ ಕಂಡರೆ ಎಂಜಿನ್ ತಗ್ಗಿಸುತ್ತೀರಿ, ನಾನು ಬಲ್ಲೆ. ಅಂದು ಬಂದ ಬೋಟಿನವನೂ ತಗ್ಗಿಸಿದ್ದ, ಆದರೆ ಹೆಂಗಸರ ಪಕ್ಕಕ್ಕೆ ಬಂದ ಮೇಲೆ. ಅದರಿಂದ ಪ್ರಯೋಜನವಿಲ್ಲ. ಕೆಲವೊಮ್ಮೆ ಹಾಗೆ ಮಾಡಿದ್ದರಿಂದಲೇ ಕೆಡುಕು ಹೆಚ್ಚಾಗುತ್ತದೆ. ಬೋಟ್ ನಡಿಗೆಯ ವೇಗದಲ್ಲಿ ಹೋದರೆ ನೀರು ಬರೀ ಸುಕ್ಕಾಗುತ್ತದೆ. ಪೂರ್ತಿ ಜೋರಿನಲ್ಲಿ ಹೋಗುವ ಹಗುರ ಬೋಟ್ ನೀರಿನ ಮೇಲೆ ಎದ್ದು ಜಾರುತ್ತದೆ. ಇವೆರಡರ ನಡುವೆ, ಬೋಟಿನ ಮೂತಿ ಮೇಲೆದ್ದು ಹಿಂಭಾಗ ಕುಸಿದು ಕೂರುವ ಒಂದು ವೇಗವಿದೆ. ಅತಿ ದೊಡ್ಡ ತೆರೆ ಏಳುವುದು ಆಗ. ಜೋರಾಗಿ ಬಂದು ಪಾತಿಯ ಪಕ್ಕದಲ್ಲಿ ಅರ್ಧಕ್ಕೆ ಇಳಿಸಿದರೆ ಆ ದೊಡ್ಡ ತೆರೆಯನ್ನು ಸರಿಯಾಗಿ ಅವರ ತಲೆಯ ಮೇಲೆ ಬಿಟ್ಟಂತೆ. ಅಷ್ಟೇ ಅಲ್ಲ, ಆಗಲೇ ಎದ್ದ ತೆರೆ ನೀವು ಎಂಜಿನ್ ತಗ್ಗಿಸಿದ ಕೂಡಲೇ ಸಾಯುವುದಿಲ್ಲ. ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ, ತೆಳುನೀರಿಗೆ ಬಂದಾಗ ಇನ್ನೂ ಕಡಿದಾಗುತ್ತದೆ. ಬಳಚಿನವರು ನಿಲ್ಲುವುದು ತೆಳುನೀರಿನಲ್ಲೇ.

ಆದ್ದರಿಂದ ದೂರದಲ್ಲೇ ಇಳಿಸಿ. ಮೂತಿ ಪೂರ್ತಿ ಕೆಳಗೆ ಬಂದು ಬೋಟ್ ಮಟ್ಟವಾಗಿ ಕೂರುವವರೆಗೂ ಇಳಿಸಿ. ನಂತರ ಒಮ್ಮೆ ಹಿಂದೆ ತಿರುಗಿ ನೋಡಿ. ನಿಮ್ಮ ತೆರೆ ಎಷ್ಟು ಎತ್ತರವಿದೆ, ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನಿಮ್ಮ ಕಣ್ಣೇ ಹೇಳುತ್ತದೆ. ದಾಟಿದ ಕೂಡಲೇ ಮತ್ತೆ ಜೋರು ಮಾಡಬೇಡಿ, ಸ್ವಲ್ಪ ದೂರ ಹಾಗೆಯೇ ಸಾಗಿ. ಜನ ನೀರಿನಲ್ಲಿ ಇಳಿದಿರುವ ಕಡೆಗಂತೂ ಹತ್ತಿರ ಹೋಗಲೇಬೇಡಿ. ಮುಳುಗಿದವರು ಎಲ್ಲಿ ಏಳುತ್ತಾರೆಂದು ನಿಮಗೆ ಗೊತ್ತಿರುವುದಿಲ್ಲ, ಬೋಟಿನ ಪಂಖ ಯಾರ ಕಾಲನ್ನೂ ಬಿಡುವುದಿಲ್ಲ. ಬೆಂಡಿನ ಸಾಲು ಕಂಡರೆ ಕೆಳಗೆ ಬಲೆಯಿದೆ, ಸುತ್ತಿ ಹೋಗಿ. ಹರಿದ ಬಲೆ ಸರಿಮಾಡಲು ಒಬ್ಬ ಮನುಷ್ಯನಿಗೆ ದಿನಗಟ್ಟಲೆ ಬೇಕು. ಆ ದಿನಗಳಲ್ಲಿ ಅವನಿಗೆ ಗಳಿಕೆಯಿಲ್ಲ.

ಕಾಂಡ್ಲಾದ ಕಿರುಗಾಲುವೆಗಳಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ತೆರೆ ಹರಡಿಕೊಳ್ಳಲು ಜಾಗವಿಲ್ಲ, ಎರಡೂ ದಂಡೆಗೆ ಬಡಿಯುತ್ತದೆ. ಕಾಂಡ್ಲಾದ ಕೆಲವು ಜಾತಿಗಳ ಬೀಜ ಮರದ ಮೇಲೇ ಮೊಳೆತು, ಕೋಲಿನಂತೆ ಉದ್ದವಾಗಿ ಕೆಸರಿಗೆ ಬಿದ್ದು ಬೇರೂರುತ್ತದೆ. ಬೇರು ಗಟ್ಟಿಯಾಗುವ ಮೊದಲೇ ದಿನಕ್ಕೆ ಹತ್ತಾರು ಸಲ ತೆರೆ ಬಡಿದರೆ ಆ ಎಳೆಯ ಗಿಡ ಕಿತ್ತುಬರುತ್ತದೆ. ನೀವು ಅತಿಥಿಗಳಿಗೆ ತೋರಿಸಲು ಕರೆದೊಯ್ಯುವುದೇ ಆ ಕಾಡನ್ನು.

ನೀರಿನ ಮೇಲೆ ನಡೆದುಕೊಳ್ಳುವ ರೀತಿಗೆ ಬರೆದಿಟ್ಟ ನಿಯಮವೂ ಇದೆ. ಹಡಗುಗಳು ಡಿಕ್ಕಿಯಾಗದಂತೆ ತಡೆಯಲು 1972ರಲ್ಲಿ ಮಾಡಿಕೊಂಡ ಅಂತರರಾಷ್ಟ್ರೀಯ ನಿಯಮಗಳು 1977ರಿಂದ ಜಾರಿಯಲ್ಲಿವೆ. ನಮ್ಮ ರಸ್ತೆಯಲ್ಲಿ ಎಡಕ್ಕೆ ಹೋದರೆ, ನೀರಿನ ಇಕ್ಕಟ್ಟಾದ ದಾರಿಯಲ್ಲಿ ತಮ್ಮ ಬಲಗಡೆಯ ಅಂಚಿಗೆ ಒತ್ತಿ ಹೋಗಬೇಕು. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಹಿಂದಿನಿಂದ ಬಂದು ದಾಟುವವನೇ ದೂರ ಸರಿದು ಹೋಗಬೇಕು, ಮುಂದಿನವನಿಗೆ ತೊಂದರೆ ಕೊಡಕೂಡದು. ಬಲೆಯೆಳೆಯುತ್ತಿರುವ ದೋಣಿಗೆ ಎಂಜಿನ್ ಬೋಟ್ ದಾರಿ ಬಿಡಬೇಕು. ಯಾವಾಗಲೂ ಕಣ್ಣು ಕಿವಿ ತೆರೆದಿರಬೇಕು, ಜಾಗಕ್ಕೆ ತಕ್ಕ ವೇಗ ಇಟ್ಟುಕೊಳ್ಳಬೇಕು. ದೋಣಿ ನಡೆಸುವ ನಮ್ಮ ಹಳೆಯ ತಾಂಡೇಲರು ಇದನ್ನು ಓದಿ ಕಲಿಯಲಿಲ್ಲ, ತಂದೆಯ ಪಕ್ಕ ಕೂತು ಕಲಿತರು. ಹಾಗೆ ಕೂತು ಕಲಿಯುವ ಅವಕಾಶ ಇಲ್ಲದೆ ನೇರವಾಗಿ ಎಂಜಿನ್ ಹಿಡಿದ ಹುಡುಗರಿಗೆ ಯಾರು ಕಲಿಸಬೇಕು? ಮಾಲೀಕರೇ, ಆ ಹೊಣೆ ನಿಮ್ಮದು. ಸುತ್ತಿನ ಲೆಕ್ಕದಲ್ಲಿ ಹುಡುಗನನ್ನು ಓಡಿಸಬೇಡಿ. ಬೇಗ ಬಂದರೆ ಇನ್ನೊಂದು ಸುತ್ತು ಸಿಗುತ್ತದೆ ಎಂಬ ಆಸೆ ಇದ್ದರೆ ಎಷ್ಟು ಒಳ್ಳೆಯವನಾದರೂ ಎಂಜಿನ್ ತಗ್ಗಿಸುವುದಿಲ್ಲ. ಟ್ರಾಲರಿನ ಅಣ್ಣಂದಿರಿಗೂ ಇದೇ ಮಾತು. ಹರಾಜಿಗೆ ಮೊದಲು ತಲುಪಿದವರಿಗೆ ಒಳ್ಳೆಯ ದರ ಎಂಬ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಅಳಿವೆಯೊಳಗೆ ಬಂದ ಮೇಲೆ, ತಾರಿ ಅಡ್ಡ ಹಾಯುತ್ತಿರುವಾಗ, ಆ ಐದು ನಿಮಿಷ ಬಿಟ್ಟುಕೊಡಿ. ತಾರಿಯಲ್ಲಿ ಶಾಲೆಯ ಮಕ್ಕಳಿರುತ್ತಾರೆ.

ಅವಸರ, ಅಲಕ್ಷ್ಯಗಳು ಎಲ್ಲಿಗೆ ಮುಟ್ಟುತ್ತವೆ ಎಂದು ನಮ್ಮ ಜಿಲ್ಲೆ ಕಂಡಿದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ, ಮಿತಿಮೀರಿ ಜನ ಹತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಜಿಲ್ಲೆಯ ಹೊರಗೆ ನೋಡಿದರೆ, 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ದೋಣಿಗೆ ವೇಗದ ಬೋಟೊಂದು ಹತೋಟಿ ತಪ್ಪಿ ಬಂದು ಗುದ್ದಿ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಎರಡರ ಕಾರಣವೂ ಬೇರೆ ಬೇರೆ. ಆದರೆ ನೀರಿನ ಮೇಲೆ ತಪ್ಪನ್ನು ತಿದ್ದಿಕೊಳ್ಳಲು ಸಿಗುವ ಸಮಯ ಎಷ್ಟು ಕಡಿಮೆ ಎಂದು ಎರಡೂ ತೋರಿಸಿವೆ.

ಅತಿಥಿಗಳೇ, ನಿಮ್ಮ ಕೈಯಲ್ಲಿ ಬಹಳ ಶಕ್ತಿಯಿದೆ. ಓಡಿಸುವ ಹುಡುಗ ನಿಮ್ಮ ಮುಖ ನೋಡಿ ಎಂಜಿನ್ ಹಿಡಿಯುತ್ತಾನೆ. ನೀವು ಕೇಕೆ ಹಾಕಿದರೆ ಜೋರು ಮಾಡುತ್ತಾನೆ, "ನಿಧಾನ ಹೋಗೋಣ, ಹಕ್ಕಿ ನೋಡಬೇಕು" ಎಂದರೆ ಅವನಿಗೂ ನೆಮ್ಮದಿ. ಹತ್ತುವಾಗಲೇ ಅದನ್ನು ಹೇಳಿ. ಜೀವರಕ್ಷಕ ಜಾಕೆಟ್ ತೊಡಿ, ಫೋಟೋಕ್ಕೆಂದು ಬಿಚ್ಚಬೇಡಿ. ಇನ್ನೊಂದನ್ನು ಬೇಡಿಕೊಂಡು ಹೇಳುತ್ತೇನೆ: ಬಾಟಲಿಯನ್ನು ಹೊಳೆಗೆ ಎಸೆಯಬೇಡಿ. ಬಳಚು ಹುಡುಕುವುದು ಕಾಲಿನಿಂದ ಎಂದೆನಲ್ಲ, ಒಡೆದ ಗಾಜು ಸಿಗುವುದೂ ಆ ಬರಿಗಾಲಿಗೇ. ಉಪ್ಪುನೀರಿನಲ್ಲಿ ಆ ಗಾಯ ಬೇಗ ಮಾಯುವುದಿಲ್ಲ.

ಇನ್ನು ನಮ್ಮವರಿಗೆ. ಪೆಟ್ಟು ತಿಂದವರಿಗೆ ಉಪದೇಶ ಮಾಡಲು ನನಗೆ ಸಂಕೋಚವಿದೆ, ಆದರೂ ಹೇಳುತ್ತೇನೆ. ಕೋಪದಲ್ಲಿ ಬೋಟಿನತ್ತ ಕಲ್ಲು ಬೀಸಬೇಡಿ, ಹುಟ್ಟು ಎತ್ತಬೇಡಿ, ಅಡ್ಡ ದೋಣಿ ಹಾಕಬೇಡಿ. ಬೋಟಿನಲ್ಲಿ ಈಜು ಬಾರದ ಮಕ್ಕಳಿರುತ್ತಾರೆ. ತೆರೆ ಬರುವುದು ಕಂಡರೆ ಪಾತಿಯ ಮೂತಿಯನ್ನು ಅದಕ್ಕೆ ಎದುರಾಗಿ, ತುಸು ಓರೆಯಾಗಿ ತಿರುಗಿಸಿ, ನಿಂತವರು ಕೂರಿ. ಮುಳುಗುವವರಿದ್ದರೆ ಒಬ್ಬರು ಸರದಿಯಂತೆ ಮೇಲೇ ಇದ್ದು ಕಾಯಿರಿ. ಪಾತಿಗೆ ಒಂದು ಗಳ ಕಟ್ಟಿ ಕೆಂಪು ಬಟ್ಟೆ ಹಾರಿಸಿ, ದೂರಕ್ಕೆ ಕಾಣುತ್ತದೆ. ಹೀಗೆ ಮಾಡಿದರೆ ತಪ್ಪು ನಮ್ಮದೆಂದು ಒಪ್ಪಿಕೊಂಡಂತೆ ಅಲ್ಲ, ಜೀವ ನಮ್ಮದು. ಬೋಟಿನ ಬಣ್ಣ, ನಂಬರು, ಹೊತ್ತು ನೆನಪಿಟ್ಟುಕೊಳ್ಳಿ. 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ಇಂಥ ಎಂಜಿನ್ ಬೋಟಿಗೆ ತಪಾಸಣೆ, ನೋಂದಣಿ ಆಗಬೇಕು, ನೋಂದಣಿ ನಂಬರು ಹೊರಗೆ ಕಾಣಬೇಕು. ನಂಬರಿಲ್ಲದ ಬೋಟ್ ಆದರೆ ಅದೇ ದೊಡ್ಡ ದೂರು.

ಮೊದಲ ದೂರು ಮಾತ್ರ ಠಾಣೆಗೆ ಬೇಡ. ಸಂಜೆ ಜಟ್ಟಿಗೆ ಹೋಗಿ, ನಾಲ್ಕು ಹಿರಿಯರು ಜೊತೆಗಿರಲಿ, ಆ ಹುಡುಗನನ್ನು ಕೂರಿಸಿ ಏನಾಯಿತೆಂದು ಹೇಳಿ. ಅಂದಿನ ಬೋಟಿನ ಹುಡುಗನೊಡನೆ ನಾವು ಹಾಗೆಯೇ ಮಾಡಿದೆವು. ಅವನು ಎದುರು ಮಾತಾಡಲಿಲ್ಲ. "ಅವ್ರು ಕೈ ಮಾಡಿದ್ದು ನಮ್ಗೆ ಟಾಟಾ ಮಾಡಿದ್ದು ಅಂತ ತಿಳ್ಕಂಡೆ ಅಣ್ಣಾ" ಎಂದ. ಮಾತಿಗೆ ಬಗ್ಗದವರೂ ಇರುತ್ತಾರೆ. ಹೇಳಿದ ಮೇಲೂ ಬೇಕೆಂದೇ ಮೈಮೇಲೆ ಬೋಟ್ ತಂದರೆ, ಕುಡಿದು ಓಡಿಸಿದರೆ ಆಗ ಹಿಂಜರಿಯಬೇಡಿ. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093. ಸಮುದ್ರದಲ್ಲಿ ಜೀವಕ್ಕೆ ಅಪಾಯವಾದರೆ ಕೋಸ್ಟ್ ಗಾರ್ಡ್‌ಗೆ 1554.

ಪಂಚಾಯ್ತಿಯವರಲ್ಲಿ, ಬಂದರು ಇಲಾಖೆಯವರಲ್ಲಿ ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಬಳಚು ತೆಗೆಯುವ ಜಾಗ ಯಾವುವೆಂದು ಈ ಊರುಗಳ ಹೆಂಗಸರಿಗೆ ಬಾಯಿಪಾಠ ಇದೆ. ಅವರನ್ನು ದೋಣಿಯಲ್ಲಿ ಕರೆದೊಯ್ದು ಕೇಳಿ, ಆ ಜಾಗಗಳ ಅಂಚಿಗೆ ಗಳ ನೆಟ್ಟು ನಿಧಾನ ಎಂಬ ಹಲಗೆ ಕಟ್ಟಿ. ಇಳಿತದ ಹೊತ್ತಿನಲ್ಲಿ ಬೋಟುಗಳು ಆ ಗಳಗಳ ಹೊರಗೇ ಹೋಗಲಿ. ಇಳಿತದ ವೇಳೆ ದಿನದಿಂದ ದಿನಕ್ಕೆ ಮುಕ್ಕಾಲು ತಾಸಿನಷ್ಟು ಮುಂದೆ ಹೋಗುತ್ತದೆ, ಆದ್ದರಿಂದ ಆ ದಿನದ ವೇಳೆಯನ್ನು ಜಟ್ಟಿಯಲ್ಲಿ ಸುಣ್ಣದಕಡ್ಡಿಯಿಂದ ಬರೆದಿಟ್ಟರೂ ಸಾಕು.

ಅಷ್ಟರವರೆಗೆ ಗುರುತು ನಾನೇ ಹೇಳುತ್ತೇನೆ. ತದಡಿಯಿಂದ ಹೊಳೆಯ ಮೇಲಕ್ಕೆ ಹೋಗುವಾಗ, ನೀರು ಇಳಿದ ಹೊತ್ತಿನಲ್ಲಿ, ದೂರದಲ್ಲಿ ಕಪ್ಪು ಬೆಂಡಿನ ಸಾಲಿನಂಥದ್ದು ಕಾಣುತ್ತದೆ. ಒಂದು ಮರೆಯಾಗಿ ಇನ್ನೊಂದು ಏಳುತ್ತಿರುತ್ತದೆ. ಅವು ಬೆಂಡಲ್ಲ, ತಲೆಗಳು. ಅಲ್ಲಿಂದಲೇ ಎಂಜಿನ್ ತಗ್ಗಿಸಿ.