ನಿಮ್ಹಾನ್ಸ್ ಎಂಬುದು ಬೈಗುಳವಲ್ಲ



ಆಟದಲ್ಲಿ ಜಗಳವಾದರೆ ನಮ್ಮ ಬಾಯಿಗೆ ಥಟ್ಟನೆ ಬರುವ ಮಾತು, "ಹೋಗೋ, ನಿಮ್ಹಾನ್ಸ್‌ಗೆ ಸೇರ್ಕೋ!" ಎಲ್ಲರೂ ನಗುತ್ತೇವೆ. ಅದೇ ಗುಂಪಿನಲ್ಲಿ ರಾತ್ರಿಯೆಲ್ಲ ನಿದ್ದೆ ಬಾರದೆ ಒದ್ದಾಡುವ ಒಬ್ಬನಿದ್ದರೆ ಅವನ ಗತಿ ಏನು? ಅವನು ಇನ್ನು ಬಾಯಿ ಬಿಡುವುದೇ ಇಲ್ಲ. ಸಹಾಯ ಸಿಗುವ ಜಾಗದ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. ಇದು ತಪ್ಪು ಎಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮೂರ್ಛೆರೋಗಕ್ಕೂ ತಲೆಗೆ ಪೆಟ್ಟು ಬಿದ್ದವರಿಗೂ ಚಿಕಿತ್ಸೆ ಉಂಟು. ಮಕ್ಕಳಿಗೆ, ಹದಿಹರೆಯದವರಿಗೆ ಬೇರೆ ವಿಭಾಗವೇ ಇದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲೇ ಎಷ್ಟೋ ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

"ನಾವೇನು ಹುಚ್ಚರಾ, ಹೋಗೋಕೆ?" ಎಂದು ಕೇಳಬಹುದು. ಪರೀಕ್ಷೆ ಭಯ, ಮನೆಯಲ್ಲಿ ಕುಡಿತದ ಜಗಳ, ಹತ್ತಿರದವರ ಸಾವು ಯಾರಿಗೆ ಬರಲ್ಲ? ಎರಡು ವಾರವಾದರೂ ಊಟ ಸೇರದೆ, ನಿದ್ದೆ ಬಾರದೆ, ಪಾಠ ತಲೆಗೆ ಹತ್ತದೆ ಇದ್ದರೆ ಹೋಗಿ ಮಾತಾಡುವುದು ಒಳ್ಳೇದು. ಇದಕ್ಕೆ ಆಪ್ತಸಮಾಲೋಚನೆ ಎನ್ನುತ್ತಾರೆ. ಮೊದಲ ದಿನ ಊಟ, ನಿದ್ದೆ, ಓದು, ಮನೆ ಬಗ್ಗೆ ಕೇಳುತ್ತಾರೆ. ನಮಗೆ ಹೇಳಬೇಕು ಅನ್ನಿಸಿದಷ್ಟು ಹೇಳಿದರೆ ಸಾಕು. ಕರೆಂಟು ಕೊಡ್ತಾರೆ ಅಂತ ಹೆದರಬೇಡಿ, ಅಲ್ಲಿ ನಡೆಯುವುದು ಮಾತುಕತೆ. ಮಾತ್ರೆ ಬೇಕೋ ಬೇಡವೋ ವೈದ್ಯರು ನೋಡಿ ಹೇಳುತ್ತಾರೆ. ಒಂದೇ ದಿನಕ್ಕೆ ವಾಸಿಯಾಗಲ್ಲ, ಹಲವು ಸಲ ಹೋಗಬೇಕು. ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಜೀವಕ್ಕೆ ಅಪಾಯವಿದ್ದರೆ, ಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದರೆ ಮಾತ್ರ ಸಂಬಂಧಪಟ್ಟವರಿಗೆ ತಿಳಿಸುತ್ತಾರೆ.

ದುಡ್ಡಿಲ್ಲ ಅನ್ನುವಂತೆಯೂ ಇಲ್ಲ. 2022ರ ಅಕ್ಟೋಬರ್ 10ರಂದು ಸರ್ಕಾರ ಟೆಲಿ ಮನಸ್ ಸಹಾಯವಾಣಿ ಶುರು ಮಾಡಿತು. ನಂಬರ್ 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಏರ್ಪಾಡಿದೆ. ಪೇಟೆ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಪೇಟೆ ನಮಗೆ ಪಕ್ಕದಲ್ಲೇ ಇದೆ. ದೂರ ಇರುವುದು ಧೈರ್ಯ. ಚೀಟಿ ಬರೆಸುವ ಸಾಲಿನಲ್ಲಿ ನಮ್ಮೂರವರು ಸಿಕ್ಕಿ "ಏನವ್ವ, ಏನಾಗಿತ್ತು?" ಅಂದರೆ ಸಂಜೆಗೆ ಊರೆಲ್ಲ ಸುದ್ದಿ. ಹೆಣ್ಣುಮಕ್ಕಳಾದರೆ "ನಾಳೆ ಯಾರು ಮದುವೆ ಆಗ್ತಾರೆ?" ಅನ್ನುವ ಮಾತು ಬೇರೆ. ಈ ಮಾತಿಗೆ ಹೆದರಿ ಮನೆಯವರೂ ಸುಮ್ಮನಾಗುತ್ತಾರೆ. ಚಿಂತೆ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಹರಕೆ, ತಾಯಿತ ಬೇಡ ಅಂತ ನಾನು ಹೇಳಲ್ಲ. ಲಕ್ಷ್ಮೀನಾರಾಯಣನ ಗುಡಿಗೂ ಹೋಗೋಣ, ಆಸ್ಪತ್ರೆಗೂ ಹೋಗೋಣ.

ಗುರುಗಳಲ್ಲಿ ಒಂದು ವಿನಂತಿ. ಯಾರಾದರೂ ಬಂದು "ಸಾರ್, ಮನಸ್ಸು ಸರಿ ಇಲ್ಲ" ಅಂದರೆ "ಈ ವಯಸ್ಸಿಗೆ ನಿಂಗೇನೋ ಕಷ್ಟ?" ಎನ್ನದೆ ಸ್ವಲ್ಪ ಹೊತ್ತು ಕೇಳಿ. ಅದನ್ನು ಬೇರೆಯವರ ಮುಂದೆ ಆಡಬೇಡಿ. ನಮ್ಮ ಅಪ್ಪ ಅಮ್ಮ ನಮ್ಮ ಮಾತು ಕೇಳದಿದ್ದರೂ ಮೇಷ್ಟ್ರ ಮಾತು ಕೇಳುತ್ತಾರೆ. ನೀವು ಒಂದು ಮಾತು ಹೇಳಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ.

ಗೆಳೆಯ ಗೆಳತಿಯರೇ, 14416 ಅನ್ನು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡದಿದ್ದರೂ ನಿಮ್ಮ ಪಕ್ಕ ಕೂತವರಿಗೆ ಬೇಕಾದೀತು.

– 10ನೇ ತರಗತಿಯ ವಿದ್ಯಾರ್ಥಿನಿ, ಹೊಸಹೊಳಲು