ವ್ಯಾಖ್ಯೆ ಆಮೇಲೆ ಬರಲಿ

ಫೋರ್ಟ್ ಕೊಚ್ಚಿಯ ಚೀನೀ ಮೀನುಬಲೆಗಳ ಹಿಂಬದಿಯ ಹಗ್ಗಗಳಲ್ಲಿ ದಪ್ಪ ಕಲ್ಲುಗಳು ತೂಗುತ್ತವೆ. ಕಲ್ಲು ಇಳಿದಂತೆ ಬಲೆ ಏಳುತ್ತದೆ. ಆರು ವರ್ಷದ ಮೊಮ್ಮಗಳು ಬಹಳ ಹೊತ್ತು ನೋಡಿ, "ಅಜ್ಜೀ, ಒಂದು ಕೆಳಗೆ ಹೋದ್ರೆ ಇನ್ನೊಂದು ಮೇಲೆ ಬರತ್ತೆ" ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ.

ಆಮೇಲೆ ತಿರುವನಂತಪುರದ ತುಂಬಾಕ್ಕೆ ಹೋದೆವು. ಅಲ್ಲಿನ ಹಳೆಯ ಚರ್ಚು ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. 1963ರ ನವೆಂಬರ್ 21ರಂದು ತುಂಬಾದಿಂದ ಹಾರಿದ ಮೊದಲ ರಾಕೆಟ್ಟಿನ ಕಥೆ ಹೇಳಿದೆ. "ಹಾಗಾದ್ರೆ ಕೆಳಗೆ ಹೋಗಿದ್ದು ಏನು?" ಎಂದಳು. ಎಂಥ ಪ್ರಶ್ನೆ! ಬಲೂನು ಊದಿ ಬಿಟ್ಟು ತೋರಿಸಿದೆ. ರಾಕೆಟ್ಟು ಕೆಳಗೆ ತಳ್ಳುವ ಬಿಸಿ ಅನಿಲದ ಮಾತು ನಂತರ ಬಂತು.

ಹೊಸದು ಹಳೆಯ ತಿಳಿವಳಿಕೆಯೊಳಗೆ ಕೂರದಿದ್ದಾಗ ಮಗು ತಿಳಿವಳಿಕೆಯನ್ನೇ ತಿದ್ದಿಕೊಳ್ಳುತ್ತದೆ ಎಂದು ಮನೋವಿಜ್ಞಾನಿ ಪಿಯಾಜೆ ವಿವರಿಸಿದ್ದರು. ಮೊದಲ ದಿನವೇ ವ್ಯಾಖ್ಯೆ ಬರೆಸಿ ಬಾಯಿಪಾಠ ಮಾಡಿಸುವ ತರಗತಿಯಲ್ಲಿ ಆ ತಿದ್ದುವಿಕೆಗೆ ಜಾಗವೇ ಇರುವುದಿಲ್ಲ. ಪಾಠಕ್ಕೆ ಮುಂಚೆ ಬಲೆ, ರಾಕೆಟ್ಟುಗಳಂಥ ಎರಡು ಬೇರೆಬೇರೆ ವಸ್ತು ತೋರಿಸಿ, ಮಕ್ಕಳು ಕೇಳುವವರೆಗೆ ಶಿಕ್ಷಕರು ಕಾಯಲಿ.